ಕಂಕುಳ ಚೂರು

ಮೇ ತಿಂಗಳು, ಗುಳೇದಗುಡ್ಡ.
ಹನ್ನೊಂದಕ್ಕ ಗುಡ್ಡದ ಕಲ್ಲು ಕಾದು
ಓಣಿ ತುಂಬ ಝಳ.
ನನ್ನ ಮಷೀನು ಬೇವಿನ ಬುಡಕ್ಕ;
ನೆರಳು ಸರದಂಗ ನಾನೂ ಸರೀತೀನಿ.

ಗೈಬುಸಾಬ ಬಂದ. ಲೈನಿಗೆ ತಾಗೂ ಟೊಂಗಿ ಕಡಿಯಾಂವ,
ಮಳಿ ಬರೂದ್ರೊಳಗ ನೂರಾ ಎಂಬತ್ತು ಗಿಡ ಮುಗೀಬೇಕು.
ಕೈಯಾಗ ಮೂರು ಮೀಟರು ಬಿಳಿ ಕಾಟನ್ನು.
"ಅಕ್ಕಾ, ತುಂಬುದೋಳಿನ ಅಂಗಿ ಬೇಕು."

ನಕ್ಕೆ. "ಈ ಬಿಸಲಾಗ? ಊರ ಗಂಡಸರೆಲ್ಲ
ಬನೀನೂ ಕಳದು ಗೂಟಕ್ಕ ಹಾಕ್ಯಾರ."

ಅಂವ ನಗಲಿಲ್ಲ. ಮುಂಗೈ ಚಾಚಿದ:
ಜಾಲಿ ಮುಳ್ಳಿನ ಗೀರು, ಕೆಂಜಿಗ ಕಡದ ಗಂದಿ,
ಅದರ ಮ್ಯಾಲ ಬೆವರು,
ಬೆವರಿಗೆ ಅಂಟಿದ ಕಟಗಿ ಹಿಟ್ಟು.
"ಬರೇ ಮೈ ಅಂದ್ರ ತಂಪಲ್ಲಕ್ಕಾ,
ಬಿಸಲಿಗೆ ಬಾಗಲಾ ತಗದು ಒಳಗ ಕರದಂಗ."

ಗುತ್ತಿಗೆದಾರ ಕೊಟ್ಟ ಜಾಕೀಟು ಐತಿ, ಕಿತ್ತಳಿ ಬಣ್ಣದ್ದು, ನೈಲಾನು.
ಗಾಳಿ ಒಳಗ ಬರೂದಿಲ್ಲ, ಬೆವರು ಹೊರಗ ಹೋಗೂದಿಲ್ಲ.
ಹ್ವಾದ ವರ್ಷ ಗರಗಸದ ಕಾದ ನಳಿಗಿ ತಾಗಿ
ಹುಸನಪ್ಪನ ಪಕ್ಕಡಿಗೆ ಕರಗಿ ಹತ್ತಿತ್ತು;
ಬಿಡಿಸೂ ಮುಂದ ಚರ್ಮಾನೂ ಬಂತು.
"ಕಾಟನ್ನು ಸುಟ್ರ ಬೂದಿ ಆಗತೈತಿ, ಅಷ್ಟ.
ನಮ್ಮ ಮೈ ಕೂಡ ಲಗ್ನ ಆಗೂದಿಲ್ಲ."

ಟೇಪು ತಗೊಂಡೆ. ಎದಿ ಮೂವತ್ತೆಂಟು, ಸಡಿಲ ನಾಕು ಇಂಚು.
"ಆರು ಬಿಡು, ಗಾಳಿ ತಿರಗ್ಯಾಡಲಿ.
ಮುಂಗೈಗೆ ಮಾತ್ರ ಬಿಗಿ.
ಜೋತಾಡೂ ಬಟ್ಟಿ ಗರಗಸದ ಕಣ್ಣಿಗೆ ಬಿದ್ರ
ಕೈ ಸಮೇತ ಕರಕೊಂಡು ಹೋಗತೈತಿ.
ಗುಂಡಿ ಬ್ಯಾಡ, ಟೊಂಗಿಗೆ ಸಿಗತಾವ, ಒಳಗ ಹುಕ್ಕು ಹಾಕು.
ಕಿಸೇನೂ ಬ್ಯಾಡ.
ಕಿಸೇದಾಗ ಇರುವಿ ಸಂಸಾರ ಹೂಡತಾವ."

ಬಗಲಿಗೆ ಟೇಪು ಹಚ್ಚಿದೆ. ಎರಡೂ ಕೈ ಎತ್ತಿದ.
"ಇಳಸಪಾ, ಅಳತಿ ತಪ್ಪತೈತಿ."
"ಇಲ್ಲಕ್ಕಾ. ಮುಂಜಾನಿಂದ ಸಂಜಿತನಾ
ನಂದು ಇದ ಅಳತಿ."

ಕೈಯಾಗಿನ ಟೇಪು ಹಂಗ ನಿಂತಿತು.
ಇಪ್ಪತ್ತಾರು ವರ್ಷ ಗಂಡಸರ ಅಂಗಿ ಹೊಲದೀನಿ,
ಕೈ ಇಳಿಬಿಟ್ಟು ನಿಂತವರ ಅಳತಿ ತಗೊಂಡು,
ಫೋಟೋಕ್ಕ ನಿಂತಂಗ, ಸಾಹೇಬರ ಮುಂದ ನಿಂತಂಗ.
ಖಣದ ಕುಪ್ಪಸಕ್ಕಷ್ಟ
ಕಂಕುಳಿಗೊಂದು ಚೂರು ಇಡತಿದ್ದೆ,
ನಮ್ಮವ್ವ ಇಟ್ಟಂಗ, ಅವರವ್ವ ಇಟ್ಟಂಗ.
ಯಾಕಂತ ಕೇಳಿರಲಿಲ್ಲ.
ಬಾವಿ ಹಗ್ಗ, ನೆಲುವಿನ ಗಡಿಗಿ, ತಲಿಮ್ಯಾಗಿನ ಕೊಡ,
ಕೈ ಮ್ಯಾಲ ಹೋದಾಗ ಹೊಲಿಗಿ ಹರೀಬಾರದಂತ
ಯಾ ಮುದುಕಿ ಮೊದಲ ಲೆಕ್ಕ ಹಾಕಿದ್ಲೋ!

ಆ ಚೂರನ್ನ ಗೈಬುಸಾಬನ ಅಂಗಿಗೂ ಇಟ್ಟೆ.
ಬೆನ್ನಿಗೆ ಅಡ್ಡ ಒಂದು ಕೆಂಪು ಖಣದ ಪಟ್ಟಿ.
ಬಿಳೀದು ಬೆಳಕಿನಾಗ ಕರಗತೈತಿ;
ಕೆಳಗ ಹಗ್ಗ ಹಿಡದಾಂವಗ ತಿಳೀಬೇಕಲ್ಲ,
ಎಲಿ ಸಂದ್ಯಾಗ ಮನಶ್ಯಾ ಅದಾನಂತ.

ಮೂರನೇ ದಿನಕ್ಕ ಏಳು ಮಂದಿ ಬಂದ್ರು.
ಕಟ್ಟಿಮ್ಯಾಲ ಸಾಲಾಗಿ ಕೈ ಎತ್ತಿ ನಿಂತ್ರು.
ಹಾಲಿನ ಗಂಗಪ್ಪಯ್ಯ ಸೈಕಲ್ಲು ನಿಂದರಿಸಿ,
"ಏನ ಕದ್ದಾರ ಬೇ, ಇವರು?" ಅಂದ.
ಏಳೂ ಮಂದಿ ನಕ್ಕು, ಅಳತಿ ಎಲ್ಲಾ ತಪ್ಪಿ,
ನಾ ಮತ್ತ ಮೊದಲಿಂದ.

ಬುಧವಾರ ನನ್ನ ಬೇವಿನ ಸರದಿ ಬಂತು.
ಲೈನು ಅದರ ನಡುವ ಹಾದಿತ್ತು. ನನಗ ಗೊತ್ತಿದ್ದಿಲ್ಲಂತಲ್ಲ.
ಗೈಬುಸಾಬ ಕೊರಳಿನ ಟವೆಲ್ಲು ನನ್ನ ಕೊಡದಾಗ ಅದ್ದಿ
ಹೆಲ್ಮೆಟ್ಟಿನ ಕೆಳಗ ಸುತಗೊಂಡ, ನನ್ನ ಮಾರಿ ನೋಡಲಿಲ್ಲ.
ಏರಿದ. ಕೈ ಎತ್ತಿದ.
ಹೊಲಿಗಿ ಹರೀಲಿಲ್ಲ. ಅದನ್ನಷ್ಟ ನೋಡಿದೆ.
ಆಮ್ಯಾಲ ಟೊಂಗಿ ಬಿದ್ದವು, ಒಂದರ ಮ್ಯಾಲ ಒಂದು,
ಬಿಸಲು ಬಂದು ಮಷೀನಿನ ಮ್ಯಾಲ ಕುಂತಿತು,
ಬಾಡಿಗಿ ಕೇಳಾಕ ಬಂದವರಂಗ.

ಅಂವ ಕೊಡೂದು ನಲವತ್ತು ರೂಪಾಯಿ ಬಾಕಿ ಇತ್ತು.
ಸಂಜಿಗೆ ಒಂದು ಹೊರಿ ಬೇವಿನ ಕಟಗಿ ಬಾಗಲಕ್ಕ ಇಟ್ಟು ಹ್ವಾದ.
ನನ್ನ ಗಿಡ ನನಗ ತಂದುಕೊಟ್ಟು.

ಎಲ್ಲಾರ ಬಟ್ಟಿ ಕತ್ತರಿಸಿ ಉಳದದ್ದು ಎರಡು ಗೇಣು ಕಾಟನ್ನು.
ನನ್ನ ಕುಪ್ಪಸದ ಗಿಡ್ಡ ತೋಳಿಗೆ ಜೋಡಸಾಕತ್ತೀನಿ,
ಮುಂಗೈತನಾ.
ಬಲಗೈಗಷ್ಟ ಸಾಲತೈತಿ.
ಇರಲಿ, ಬಿಸಲೂ ಆ ಕಡಿಂದನ ಬರತೈತಿ.